ಎರಡನೇ ಕೋಣೆಯ ಮಂಚ

ಭದ್ರಾವತಿಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗಕ್ಕೆ ಒಂದು ಕತ್ತಲೆ ಕೋಣೆ ಇತ್ತು. ಮೊದಲು ಅದು ಮುರಿದ ಬೆಂಚುಗಳನ್ನು ತುಂಬುವ ಜಾಗವಾಗಿತ್ತು. ಬೆಂಚುಗಳನ್ನು ಹೊರಗೆ ಹಾಕಿಸಿ, ಕಿಟಕಿಗೆ ಕಪ್ಪು ಬಟ್ಟೆ ಹೊಡೆಸಿ, ನಡುವೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ, ಅದರ ಮೇಲೆ ವಿಭಾಗದ ಅತ್ಯಂತ ದುಬಾರಿ ಉಪಕರಣವನ್ನು ಇರಿಸಿದವಳು ನಾನು. ಬಾಗಿಲಿಗೆ ನಿಯಮಗಳನ್ನು ಅಂಟಿಸಿದ್ದೆ. ಚಪ್ಪಲಿ ಹೊರಗೆ. ಮಾತು ಬೇಡ. ಕಟ್ಟೆಗೆ ಒರಗಬಾರದು. ಕನ್ನಡಿಗಳನ್ನು ಮುಟ್ಟಬಾರದು. ವಿದ್ಯಾರ್ಥಿಗಳು ಅದನ್ನು ಗರ್ಭಗುಡಿ ಎನ್ನುತ್ತಿದ್ದರು. ನನ್ನನ್ನು ಏನೆನ್ನುತ್ತಿದ್ದರೋ ನಾನು ವಿಚಾರಿಸಲಿಲ್ಲ.

ಉಪಕರಣದ ಕೆಲಸ ಸರಳ. ಸೋಡಿಯಂ ದೀಪದ ಹಳದಿ ಬೆಳಕು ತೆಳುವಾಗಿ ಬೆಳ್ಳಿ ಬಳಿದ ಒಂದು ಗಾಜಿಗೆ ಬಿದ್ದು ಎರಡು ಪಾಲಾಗುತ್ತದೆ. ಒಂದು ಪಾಲು ನೇರ ಹೋಗಿ ಒಂದು ಕನ್ನಡಿಯಿಂದ ಹಿಂದಿರುಗುತ್ತದೆ. ಇನ್ನೊಂದು ಪಕ್ಕಕ್ಕೆ ತಿರುಗಿ ಇನ್ನೊಂದು ಕನ್ನಡಿಯಿಂದ ಹಿಂದಿರುಗುತ್ತದೆ. ಎರಡೂ ಮತ್ತೆ ಕೂಡಿದಾಗ ಹಳದಿ ಮತ್ತು ಕಪ್ಪು ಉಂಗುರಗಳು ಒಂದರೊಳಗೊಂದು ಮೂಡುತ್ತವೆ. ಬೆಳಕನ್ನು ಒಂದೊಂದೇ ಕಣ ಹೋಗುವಷ್ಟು ಮಂದ ಮಾಡಿದರೂ, ತಾಳ್ಮೆಯಿಂದ ಕಾದರೆ ಇದೇ ಉಂಗುರಗಳು ಮೂಡುತ್ತವೆ. ಒಂಟಿ ಕಣಕ್ಕೂ ಎರಡು ದಾರಿಗಳ ಸಂಬಂಧ ಇದೆಯೆಂದು ಅದರ ಅರ್ಥ. ಕ್ವಾಂಟಂ ಸಿದ್ಧಾಂತದ ಪಾಠವನ್ನು ನಾನು ಪ್ರತಿ ವರ್ಷ ಇಲ್ಲಿಂದಲೇ ಆರಂಭಿಸುತ್ತಿದ್ದೆ.

ಕೊನೆಯ ತರಗತಿ ಮುಗಿದು ನನ್ನ ಸಂಜೆಯ ರೈಲಿಗೆ ಇನ್ನೂ ಹೊತ್ತಿರುವಾಗ, ರಸಾಯನಶಾಸ್ತ್ರದ ಅಧ್ಯಾಪಕಿಯಾಗಿದ್ದ ನನ್ನ ಗೆಳತಿ ಆ ಕೋಣೆಗೆ ಬರುತ್ತಿದ್ದಳು. ನಿಯಮ ಅವಳಿಗೂ ಒಂದೇ. ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ಕೂರುತ್ತಿದ್ದಳು.

“ಉಸಿರಾಡಬಹುದಾ ಮಾರಾಯ್ತಿ?”

“ನಿಧಾನಕ್ಕೆ.”

ಅವಳು ಮುಖ ಹತ್ತಿರ ತಂದರೆ ಉಂಗುರಗಳು ನಡುಗುತ್ತಿದ್ದವು. ಮೈಯ ಬಿಸಿಗೆ ಒಂದು ದಾರಿಯ ಗಾಳಿ ಸ್ವಲ್ಪ ತೆಳುವಾದರೂ ಸಾಕು. ಹೊರಗೆ ಲಾರಿ ಹೋದರೆ ಅಳಿಸಿಯೇ ಹೋಗುತ್ತಿದ್ದವು. ಲಾರಿ ದೂರವಾಗಿ, ನಾವಿಬ್ಬರೂ ಅಲುಗದೆ ಕುಳಿತ ಮೇಲೆ ಮತ್ತೆ ಒಂದೊಂದಾಗಿ ಬರುತ್ತಿದ್ದವು. ನನ್ನ ಇಡೀ ಸೇವಾವಧಿಯಲ್ಲಿ ನಾನು ಇನ್ನೊಬ್ಬರ ಜೊತೆ ಸುಮ್ಮನೆ ಕುಳಿತದ್ದು ಅಲ್ಲಿ ಮಾತ್ರ.

ನಾನು ಮದುವೆಯಾದವಳಲ್ಲ. ತಾಯಿಯಿಲ್ಲದ ಕಾರಣ ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮಲಗಿ ಬೆಳೆದೆ. ಗಂಟೆ ಹೊಡೆಯುವವರು ಇಲ್ಲವಾದ ಮೇಲೂ ಅಭ್ಯಾಸ ಬಿಡಲಿಲ್ಲ. ಶಿವಮೊಗ್ಗದಲ್ಲಿ ಬಾಡಿಗೆ ಕೋಣೆ, ಬೆಳಗಿನ ರೈಲು, ಭದ್ರಾವತಿಯ ಕಾಲೇಜು, ಸಂಜೆಯ ರೈಲು. ಅವಳ ಕಥೆ ಬೇರೆ. ಗಂಡ ಕಾಗದದ ಕಾರ್ಖಾನೆಯಲ್ಲಿದ್ದರು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಸಂಸಾರ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಯಿತು. ಓಲ್ಡ್ ಟೌನಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಣ್ಣ ಬಂದು, ಸಾಮಾನು ಗಾಡಿಗೆ ಹಾಕಿಸಿ, ತಂಗಿಯನ್ನು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಅವಳಿಗೆ ಕೊರತೆ ಎನ್ನುವಂಥದ್ದು ಏನೂ ಇರಲಿಲ್ಲ. ಅತ್ತಿಗೆ ಒಳ್ಳೆಯವರು. ಅವಳು ಹೇಳುತ್ತಿದ್ದದ್ದು ಇಷ್ಟು: “ಆ ಮನೇಲಿ ಬಾಗಿಲು ಹಾಕ್ಕೋಬೇಕು ಅಂದ್ರೆ ನಂಗೊಂದು ಕಾರಣ ಬೇಕು. ತಲೆನೋವು ಅಂತ ಹೇಳಿ ಹೇಳಿ ಈಗ ನಿಜವಾಗ್ಲೂ ಬರ್ತಿದೆ.”

ಕತ್ತಲೆ ಕೋಣೆಯಿಂದ ಹೊರಗೆ ಬಂದು ಸ್ಟೇಷನ್ನಿಗೆ ನಡೆಯುವಾಗ ಅವಳು ಒಂದೇ ಪ್ರಶ್ನೆಯನ್ನು ಹಲವು ವರ್ಷ ಕೇಳಿದಳು.

“ಸಣ್ಣ ಕಣ ಎರಡೂ ದಾರೀಲಿ ಹೋಗುತ್ತೆ ಅಂತೀಯ. ನಮ್ಮಣ್ಣನೂ ಅಂಥಾ ಕಣದಿಂದಲೇ ಆಗಿರೋದು ತಾನೇ? ಅವನು ಯಾವಾಗ ನೋಡಿದ್ರೂ ಗಲ್ಲಾ ಹಿಂದೆ ಒಂದೇ ಕಡೆ ಕೂತಿರ್ತಾನೆ. ಮಧ್ಯದಲ್ಲಿ ಎಲ್ಲಿ ಬದಲಾಯ್ತು?”

“ವಸ್ತು ಭಾರ ಆದಷ್ಟೂ ಅದರ ಅಲೆ ಚಿಕ್ಕದಾಗುತ್ತೆ. ಅಳೆಯೋಕೆ ಆಗದಷ್ಟು ಚಿಕ್ಕದು.”

“ಅದು ನೀನು ಹುಡುಗರಿಗೆ ಹೇಳೋ ಉತ್ತರ. ಅಲೆ ಚಿಕ್ಕದಾದ್ರೆ ಆಗಲಿ. ಅಂಗಡೀಲೂ ಮನೇಲೂ ಎರಡು ಕಡೆ ಇರಬಾರದು ಅಂತ ನಿನ್ನ ಸಮೀಕರಣದಲ್ಲಿ ಎಲ್ಲಿದೆ, ತೋರಿಸು.”

ಅವಳ ಮಾತು ಸರಿಯಾಗಿತ್ತು. ಸಮೀಕರಣ ಅದನ್ನು ಎಲ್ಲಿಯೂ ತಡೆಯುವುದಿಲ್ಲ. ಸಣ್ಣದಕ್ಕೆ ಒಂದು ಕಾನೂನು, ದೊಡ್ಡದಕ್ಕೆ ಒಂದು ಕಾನೂನು ಎಂದು ಗೆರೆ ಎಳೆದ ಜಾಗ ಅದರಲ್ಲಿಲ್ಲ. ನಾನು ಓದಿದ ಕಾಲದ ಪುಸ್ತಕಗಳು, ವೀಕ್ಷಕ ನೋಡಿದಾಗ ವಸ್ತು ಒಂದು ಕಡೆ ನಿಲ್ಲುತ್ತದೆ ಎಂದು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದವು. ವೀಕ್ಷಕ ಯಾರು, ಅಂಗಡಿಗೆ ಬಂದ ಬೆಕ್ಕು ನೋಡಿದರೆ ಸಾಕೇ ಎಂದು ಅವಳು ಕೇಳಿದಳು. ತೊಂಬತ್ತರ ದಶಕದಲ್ಲಿ ಇದರ ಮೇಲೆ ಹೊಸ ಲೇಖನಗಳು ಬರುತ್ತಿದ್ದವು. ರಜೆಯ ದಿನಗಳಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಅವನ್ನು ಹುಡುಕಿ ಓದತೊಡಗಿದೆ. ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅರ್ಥವಾದದ್ದನ್ನು ಅವಳಿಗೆ ಹೇಳಲು ಅವಕಾಶ ಸಿಕ್ಕಿದ್ದು ಒಂದು ಆಯುಧಪೂಜೆಯ ಹಿಂದಿನ ದಿನ.

ಕಾಲೇಜಿನಲ್ಲಿ ಪೂಜೆ ಆಯುಧಪೂಜೆಯ ಹಿಂದಿನ ದಿನವೇ ಆಗುತ್ತಿತ್ತು, ಮರುದಿನ ರಜೆಯಾದ್ದರಿಂದ. ಪ್ರಯೋಗಾಲಯದ ತಕ್ಕಡಿ, ವೋಲ್ಟ್‌ಮೀಟರು, ಸ್ಕ್ರೂಗೇಜು ಎಲ್ಲಕ್ಕೂ ಹೂವು, ಕುಂಕುಮ, ವಿಭೂತಿ. ನಮ್ಮ ಅಟೆಂಡರು ಭಕ್ತಿವಂತರು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಎಲ್ಲ ಮುಗಿಸಿದ್ದರು. ಕತ್ತಲೆ ಕೋಣೆಗೆ ಹೋಗಿ ದೀಪ ಹಾಕಿದೆ. ಎರಡು ಕನ್ನಡಿಗಳಲ್ಲಿ ಒಂದರ ಮುಖದ ಮೇಲೆ ಮೂರು ಬೆರಳಿನ ವಿಭೂತಿ, ಅಚ್ಚುಕಟ್ಟಾಗಿ, ಅಂಚಿನಿಂದ ಅಂಚಿಗೆ.

ಮನೆಯ ಕನ್ನಡಿಗೆ ಬೆಳ್ಳಿ ಗಾಜಿನ ಹಿಂದೆ ಇರುತ್ತದೆ. ಈ ಕನ್ನಡಿಗೆ ಬೆಳ್ಳಿ ಮುಂದೆಯೇ ಇರುತ್ತದೆ. ಒರೆಸಿದರೆ ಕಿತ್ತು ಬರುತ್ತದೆ.

“ಏನಿದು?” ಎಂದೆ.

“ಎಲ್ಲಕ್ಕೂ ಇಟ್ಟು ಇದೊಂದಕ್ಕೆ ಇಡದೆ ಹೆಂಗಿರೋದು ಮೇಡಮ್. ಎಲ್ಲಕ್ಕಿಂತ ದುಬಾರಿ ಇದೇ ಅಂತ ನೀವೇ ಹೇಳಿದ್ರಿ.”

“ಮುಟ್ಟಬಾರದು ಅಂತಾನೂ ಹೇಳಿದ್ದೆ.”

“ಸ್ನಾನ ಮಾಡಿ ಬಂದೇ ಮುಟ್ಟಿದ್ದು ಮೇಡಮ್.”

ಅಟೆಂಡರನ್ನು ಕಳಿಸಿ ಗೆಳತಿಯನ್ನು ಕರೆಸಿದೆ. ಅವಳು ಬಂದು ನೋಡಿ, ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಕನ್ನಡಿಗೂ ಸಂಸ್ಕಾರ ಆಯ್ತಲ್ಲ ಮಾರಾಯ್ತಿ, ಬೇಜಾರ್ಯಾಕೆ” ಎಂದಳು. ಆಮೇಲೆ ತನ್ನ ಪ್ರಯೋಗಾಲಯದಿಂದ ಸ್ಪಿರಿಟು, ಭಟ್ಟಿ ಇಳಿಸಿದ ನೀರು, ಹತ್ತಿ ತಂದಳು. ಮಧ್ಯಾಹ್ನ ಕಾಲೇಜು ಖಾಲಿಯಾಗಿತ್ತು. ರಬ್ಬರಿನ ಬುರುಡೆಯಿಂದ ಗಾಳಿ ಊದಿ ಸಡಿಲವಾಗಿದ್ದ ಬೂದಿಯನ್ನು ಹಾರಿಸಿದೆವು. ಉಳಿದದ್ದನ್ನು ಅವಳು ನೆನೆದ ಹತ್ತಿಯನ್ನು ಒತ್ತದೆ ಮೇಲೆ ಮೇಲೆ ಎಳೆಯುತ್ತ ತೆಗೆದಳು. ಕಿಟಕಿಯ ಬಟ್ಟೆ ಸರಿಸಿದ್ದೆವು. ಒಳಗೆ ಬಿದ್ದ ಬಿಸಿಲಿನಲ್ಲಿ ಬೂದಿಯ ಕಣಗಳು ತೇಲುತ್ತಿದ್ದವು.

“ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ” ಎಂದೆ.

“ಬೂದೀಲಾ?”

“ಒಂದು ಕಣ ತಗೋ. ಅದು ಇಲ್ಲೂ ಇದೆ, ಒಂದು ಗೇಣು ಆಚೆಗೂ ಇದೆ ಅಂತ ಇಟ್ಕೋ. ಉಂಗುರದ ಬೆಳಕಿನ ಹಾಗೆ, ಎರಡೂ ಒಟ್ಟಿಗೆ, ಎರಡಕ್ಕೂ ನಡುವೆ ಒಂದು ತಾಳ ಇದೆ. ಆ ತಾಳ ಇರೋ ತನಕ ಎರಡನ್ನೂ ಮತ್ತೆ ಕೂಡಿಸಬಹುದು, ಉಂಗುರ ಕಾಣಬಹುದು. ಈಗ ಗಾಳಿಯ ಒಂದು ಅಣು ಬಂದು ತಾಗುತ್ತೆ. ಕಣ ಇಲ್ಲಿದ್ರೆ ಅಣು ಒಂದು ಕಡೆ ಸಿಡಿಯುತ್ತೆ, ಅಲ್ಲಿದ್ರೆ ಇನ್ನೊಂದು ಕಡೆ. ಅಂದ್ರೆ ಕಣ ಎಲ್ಲಿದೆ ಅನ್ನೋ ಸುದ್ದಿ ಆ ಅಣು ಜೊತೆ ಹೊರಗೆ ಹೋಯ್ತು.”

“ಯಾರಿಗೆ ಹೋಯ್ತು? ಅಣುವಿಗೇನು ತಲೆ ಇದೆಯಾ?”

“ಯಾರಿಗೂ ಬೇಡ. ಯಾರೂ ಓದಬೇಕಾಗಿಲ್ಲ. ಹೋದ್ರೆ ಸಾಕು. ಆ ತಾಳ ಈಗ ಕಣದಲ್ಲಿ ಮಾತ್ರ ಇಲ್ಲ, ಕಣ ಮತ್ತೆ ಅಣು ಎರಡರಲ್ಲೂ ಸೇರ್ಕೊಂಡಿದೆ. ಅಷ್ಟರಲ್ಲಿ ಇನ್ನೊಂದು ಅಣು, ಇನ್ನೊಂದು. ಬಿಸಿಲು ಬಿದ್ದು ಚದುರಿ ಹೋಗುತ್ತೆ, ಅದೂ ಸುದ್ದಿ ಒಯ್ಯುತ್ತೆ. ಕಣ್ಣು ಮುಚ್ಚಿ ತೆಗೆಯೋಕೆ ಮುಂಚೆ ಆ ತಾಳ ಇಡೀ ಕೋಣೆಗೆ ಹರಡಿಹೋಗಿರುತ್ತೆ. ನಾಶ ಆಗಿಲ್ಲ, ಆದ್ರೆ ಯಾರೂ ಅದನ್ನ ವಾಪಸ್ಸು ಗುಡ್ಡೆ ಹಾಕೋಕಾಗಲ್ಲ.”

ಅವಳು ಹತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದಳು.

“ಲಾರಿ ಹೋದಾಗ ಉಂಗುರ ಹೋಗುತ್ತಲ್ಲ, ಹಂಗೆ?”

“ಅಲ್ಲ. ಅದರಲ್ಲಿ ಕಟ್ಟೆ ಅಲುಗಿ ಉಂಗುರ ಕಲಸಿಹೋಗುತ್ತೆ, ನಿಂತ ಮೇಲೆ ಬರುತ್ತೆ. ಇದು ಬರಲ್ಲ.”

“ಹಂಗಾರೆ ನಮ್ಮಣ್ಣ ಗಲ್ಲಾ ಹಿಂದೆ ಒಂದೇ ಕಡೆ ಇರೋದು, ಅವನು ದಪ್ಪ ಇದ್ದಾನೆ ಅಂತಲ್ಲ.”

“ದಪ್ಪ ಇದ್ದಷ್ಟೂ ತಾಗೋರು ಜಾಸ್ತಿ. ಸುತ್ತ ಇರೋ ಗಾಳಿ, ಬೆಳಕು, ಬಿಸಿ ಎಲ್ಲ ಅವರನ್ನ ಬಿಡದೆ ಗಮನಿಸ್ತಾ ಇರುತ್ತೆ. ಯಾರೂ ಗಮನಿಸದ ಹಾಗೆ ಅವರನ್ನ ಇಡೋಕಾದ್ರೆ, ಆಗ ನೋಡಬಹುದು.”

“ಅದು ಓಲ್ಡ್ ಟೌನಿನಲ್ಲಿ ಆಗೋ ಕೆಲಸ ಅಲ್ಲ” ಎಂದಳು. ಮತ್ತೆ ಸ್ವಲ್ಪ ಹೊತ್ತು ಹತ್ತಿ ಎಳೆದಳು. “ಸರಿ. ಎರಡೂ ಒಟ್ಟಿಗೆ ಯಾಕೆ ಕಾಣಲ್ಲ ಅನ್ನೋದು ಆಯ್ತು. ಆದ್ರೆ ಕೊನೆಗೆ ಇದೇ ಯಾಕೆ? ಅದು ಯಾಕಲ್ಲ?”

“ಅದು ಗೊತ್ತಿಲ್ಲ. ನಂಗಲ್ಲ, ಯಾರಿಗೂ ಸರಿಯಾಗಿ ಗೊತ್ತಿಲ್ಲ.”

“ಪರವಾಗಿಲ್ಲ. ಅರ್ಧ ಉತ್ತರಕ್ಕೆ ಅರ್ಧ ಮಾರ್ಕು.”

ಕನ್ನಡಿ ಸ್ವಚ್ಛವಾಯಿತು, ಒಂದು ಸಣ್ಣ ಗೆರೆ ಬಿಟ್ಟು. ಮತ್ತೆ ಜೋಡಿಸಿ, ಬಟ್ಟೆ ಎಳೆದು, ದೀಪ ಹಾಕಿ, ಇಬ್ಬರೂ ಕೂತೆವು. ಉಂಗುರಗಳು ಬಂದವು, ಮೇಲ್ಭಾಗದಲ್ಲಿ ಸ್ವಲ್ಪ ಮಂಕು. ಆ ಕತ್ತಲೆಯಲ್ಲಿ, ಅವಳ ಮುಖ ನೋಡಬೇಕಾಗಿಲ್ಲವಾದ್ದರಿಂದ, ನಾನು ಹಲವು ತಿಂಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಬರುವ ವರ್ಷ ನನಗೆ ನಿವೃತ್ತಿ. ಶಿವಮೊಗ್ಗದಲ್ಲಿ ರಾಗಿಗುಡ್ಡದ ಕಡೆ ಒಂದು ಮನೆ ನೋಡಿದ್ದೇನೆ. ಎರಡು ಕೋಣೆ ಇದೆ. ಎರಡಕ್ಕೂ ಬಾಗಿಲಿದೆ. ನೀನೂ ಬಂದುಬಿಡು.

ಉಂಗುರಗಳು ನಡುಗಲಿಲ್ಲ. ಅವಳು ಉಸಿರು ಹಿಡಿದಿದ್ದಳೆಂದು ಆಮೇಲೆ ತಿಳಿದುಕೊಂಡೆ.

“ಆಗ್ಲಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ” ಎಂದಳು. “ಸ್ವಲ್ಪ ಕಾಲ ಹಂಗೇ ಇರ್ಲಿ. ಯಾರಿಗೂ ಹೇಳಬೇಡ ಮಾರಾಯ್ತಿ. ಗೊತ್ತಾದ್ರೆ ಆಗಲ್ಲ.”

ನಾನು ಆ ಮನೆಯನ್ನು ಬಾಡಿಗೆಗೆ ಹಿಡಿದು ಸೇರಿಕೊಂಡೆ. ಒಂದು ಕೋಣೆಯಲ್ಲಿ ನನ್ನ ಸಾಮಾನು, ಇನ್ನೊಂದು ಖಾಲಿ. ಮುಂದಿನ ಕೆಲವು ತಿಂಗಳು ನನ್ನ ಜೀವನದ ಒಳ್ಳೆಯ ಕಾಲ ಎಂದು ಈಗ ಅನ್ನಿಸುತ್ತದೆ. ಸ್ಟೇಷನ್ನಿನ ದಾರಿಯಲ್ಲಿ ಅವಳು ಒಂದು ದಿನ, ಆ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ, ಬೆಳಗಿನ ಬಿಸಿಲು ಬರುತ್ತದೆಯೇ ಎಂದು ಕೇಳುತ್ತಿದ್ದಳು. ಮರುದಿನ ಅಣ್ಣನ ಮನೆಯ ತನ್ನ ಕೋಣೆಗೆ ಈ ಯುಗಾದಿಗೆ ಯಾವ ಬಣ್ಣ ಹೊಡೆಸುವುದೆಂದು ಹೇಳುತ್ತಿದ್ದಳು. ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳುತ್ತಿದ್ದಳು. ಯಾವುದೂ ಸುಳ್ಳಾಗಿರಲಿಲ್ಲ. ಒಂದನ್ನು ಆರಿಸು ಎಂದು ನಾನು ಒತ್ತಾಯಿಸಲಿಲ್ಲ. ರಾತ್ರಿ ಉಂಡು ಪಾತ್ರೆ ತೊಳೆದಿಟ್ಟ ಮೇಲೆ ಆ ಖಾಲಿ ಕೋಣೆಗೆ ಹೋಗಿ ದೀಪ ಹಾಕಿ, ಒಮ್ಮೆ ನೋಡಿ, ದೀಪ ಆರಿಸಿ ಬರುತ್ತಿದ್ದೆ. ಅದೂ ದಿನಚರಿಗೆ ಸೇರಿಕೊಂಡಿತ್ತು.

ನಾನು ಎಲ್ಲವನ್ನೂ ಮುಂಚಿತವಾಗಿ ಸಿದ್ಧಮಾಡಿಕೊಳ್ಳುವವಳು. ಪರೀಕ್ಷೆಗೆ ಮೊದಲೇ ಪೆನ್ಸಿಲು ಚೂಪು ಮಾಡಿಡಬೇಕೆಂದು ಹಾಸ್ಟೆಲಿನಲ್ಲಿ ಕಲಿಸಿದ್ದರು. ಅವಳು ಬರುವುದಾದರೆ ಮಂಚ ಬೇಕು. ಬಂದ ಮೇಲೆ ಮಾಡಿಸಿದರೆ ಅಷ್ಟು ದಿನ ಅವಳು ನೆಲದ ಮೇಲೆ ಮಲಗಬೇಕಾಗುತ್ತದೆ, ಅವಳಿಗೆ ಮಂಡಿನೋವು. ಕೆಳಗಿನಿಂದ ಏಳಲಾರಳು. ಅದಕ್ಕೆಂದೇ ಅಣ್ಣನ ಮನೆಯಲ್ಲಿ ಅವಳಿಗೆ ಸಾಮಾನ್ಯಕ್ಕಿಂತ ಎತ್ತರದ ಮಂಚ ಮಾಡಿಸಿದ್ದರು. ತಲೆಯ ಕಡೆ ಪುಸ್ತಕ ಇಡಲು ಒಂದು ಹಲಗೆಯೂ ಇತ್ತು. ಆ ಮಂಚವನ್ನು ಮಾಡಿದ ಬಡಗಿಯ ಅಂಗಡಿ ಓಲ್ಡ್ ಟೌನಿನಲ್ಲೇ ಇತ್ತು. ಶಿವಮೊಗ್ಗದಲ್ಲಿ ಬಡಗಿಗಳಿಲ್ಲವೆಂದಲ್ಲ. ಆದರೆ ಒಮ್ಮೆ ಸರಿಯಾಗಿ ಮಾಡಿದವನಿಂದಲೇ ಮಾಡಿಸುವುದು ಕ್ರಮ ಎಂದು ನನ್ನ ನಂಬಿಕೆ. ಒಂದು ದಿನ ಮಧ್ಯಾಹ್ನ ಬಿಡುವಿನಲ್ಲಿ ಹೋಗಿ ಅಳತೆ ಕೊಟ್ಟೆ.

ಬಡಗಿ ಅಳತೆ ಕೇಳಿ ಕಿವಿಯ ಪೆನ್ಸಿಲು ತೆಗೆದವರು ಬರೆಯದೆ ನಿಂತರು.

“ಇದು ನಿಮಗಾ ಅಕ್ಕೋರೆ?”

“ಮನೆಗೆ.”

“ನಿಮ್ಮ ಕಾಲು ನೆಲಕ್ಕೆ ಎಟುಕಲ್ಲ ಇದ್ರಲ್ಲಿ.”

“ಅಳತೆ ಕೊಟ್ಟಷ್ಟು ಮಾಡಿ.”

“ತಲೆ ಕಡೆ ಹಲಗೆ?”

“ಬೇಕು.”

ಅವರು ಇನ್ನೇನೂ ಕೇಳಲಿಲ್ಲ. ನಾನೂ ಯಾರ ಹೆಸರನ್ನೂ ಹೇಳಲಿಲ್ಲ. ಯಾರಿಗೂ ಹೇಳಬೇಡ ಎಂದು ಗೆಳತಿ ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದ್ದೆ. ಮಂಚ ಚೆನ್ನಾಗಿ ಬಂತು. ಬಿಡಿಸಿ, ಟೆಂಪೋದಲ್ಲಿ ತಂದು, ರಾಗಿಗುಡ್ಡದ ಮನೆಯಲ್ಲಿ ಜೋಡಿಸಿಕೊಟ್ಟು ಹೋದರು.

ಬಡಗಿ ಚಾಡಿ ಹೇಳುವ ಜನವಲ್ಲ. ಕೆಲವು ದಿನಗಳ ಮೇಲೆ ಗೆಳತಿಯ ಅಣ್ಣ ಅಂಗಡಿಯ ಹಲಗೆಯೊಂದನ್ನು ರಿಪೇರಿಗೆ ತಂದಾಗ, ಒಳ್ಳೆಯ ಮನಸ್ಸಿನಿಂದಲೇ ವಿಚಾರಿಸಿದರಂತೆ: “ನಿಮ್ಮನೆ ಅಕ್ಕೋರು ಶಿವಮೊಗ್ಗಕ್ಕೆ ಹೋಗ್ತಾರಾ? ಹಳೇ ಮಂಚ ಕೊಡೋದಿದ್ರೆ ಹೇಳಿ, ಗಿರಾಕಿ ಇದ್ದಾರೆ.” ಅಂಥ ಎತ್ತರದ ಮಂಚವನ್ನು ಅವರು ಜೀವಮಾನದಲ್ಲಿ ಎರಡೇ ಮಾಡಿದ್ದರು.

ಇದೆಲ್ಲ ನನಗೆ ತಿಳಿದದ್ದು ಭದ್ರಾವತಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ. ಅವಳು ರೈಲಿಗೆ ಬರುವವಳಲ್ಲ, ಅವಳ ಮನೆ ಊರಲ್ಲೇ. ನನ್ನನ್ನು ಗೇಟಿನ ತನಕ ಬಿಟ್ಟು ತಿರುಗುವುದು ರೂಢಿ. ಆ ದಿನ ಒಳಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಕಾಗದದ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಬೇಯಿಸಿದ ಬಿದಿರಿನ ವಾಸನೆ.

“ಮಂಚ ಮಾಡಿಸಿದೀಯಂತೆ.”

“ಹೌದು.”

“ನಂಗೂ ಹೇಳ್ಲಿಲ್ಲ.”

“ನೀನು ಇನ್ನೂ ಏನೂ ಹೇಳಿರಲಿಲ್ಲ.”

“ಅದೂ ನಿಜ.” ಹಳಿಯ ಕಡೆ ತಿರುಗಿದಳು. “ಊಟಕ್ಕೆ ಕೂತಿದ್ವಿ. ಎಲ್ಲರೂ ಇದ್ರು. ಅಣ್ಣ ಕೇಳಿದ, ಹೋಗ್ತೀಯಂತೆ, ಅಂತ. ನಾನು, ಇಲ್ಲಪ್ಪ, ಯಾರು ಹೇಳಿದ್ದು, ಅಂದೆ. ಅಷ್ಟು ಜನರ ಎದುರಿಗೆ ಇನ್ನೇನು ಹೇಳ್ಲಿ? ತುತ್ತು ಕೈಯಲ್ಲಿತ್ತು. ಮಾರನೇ ದಿನ ಅತ್ತಿಗೆ ಕೇಳಿದ್ರು. ಇಲ್ಲ ಅತ್ತಿಗೆ, ಅಂದೆ. ಪಕ್ಕದ ಮನೆಯೋರು ಕೇಳಿದ್ರು. ಹೂವಿನವಳು ಕೇಳಿದ್ಲು, ನಾಳೆಯಿಂದ ಒಂದು ಮೊಳ ಕಮ್ಮಿ ಕಟ್ಟಲಾ ಅಂತ. ಸ್ಟಾಫ್ ರೂಮಲ್ಲಿ ಗುಮಾಸ್ತ ಕೇಳಿದ. ಎಲ್ಲರಿಗೂ ಇಲ್ಲ, ಇಲ್ಲ, ಇಲ್ಲ.”

“ಅವರು ಬೇಡ ಅಂದ್ರಾ?”

“ಯಾರೂ ಬೇಡ ಅನ್ಲಿಲ್ಲ ಕಣೆ. ಬರೀ ಕೇಳಿದ್ರು. ಬೇಡ ಅಂದಿದ್ರೆ ಜಗಳ ಆಡಿ ಬಂದುಬಿಡ್ತಿದ್ದೆ.”

ರೈಲು ಬರುವ ಗಂಟೆ ಹೊಡೆಯಿತು. ಅವಳು ಮಂಡಿಗೆ ಕೈ ಊರಿ ಎದ್ದಳು.

“ಈಗ ನಾನು ಬಂದ್ರೆ, ಅಷ್ಟು ಜನಕ್ಕೂ ಸುಳ್ಳು ಹೇಳಿದ ಹಾಗಾಗುತ್ತೆ. ಅಣ್ಣನಿಗೆ ಊರಲ್ಲಿ ಉತ್ತರ ಕೊಡೋದೇ ಕೆಲಸ ಆಗುತ್ತೆ. ತಂಗಿ ಯಾಕೆ ಹೋದ್ಲು, ಮನೇಲಿ ಏನಾಯ್ತು ಅಂತ. ಏನೂ ಆಗಿಲ್ಲ ಅಂದ್ರೆ ನಂಬೋರು ಯಾರು?”

ನಾನು ಸರಿ ಎಂದೆ. ರೈಲು ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಗೇಟಿನ ಹತ್ತಿರ ಇನ್ನೂ ನಿಂತಿದ್ದಳು. ಯಾರೋ ಪರಿಚಯದವರು ಅವಳನ್ನು ಮಾತಾಡಿಸುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು.

ಆ ಸಂಜೆಯ ಪ್ರಯಾಣದಲ್ಲಿ ನಾನು ದುಃಖಿಸಿದ್ದಕ್ಕಿಂತ ಹೆಚ್ಚಾಗಿ ಯೋಚಿಸಿದೆ. ಅದು ನನ್ನ ಸ್ವಭಾವ. ಅವಳ ಅರ್ಧ ಪ್ರಶ್ನೆ ಉಳಿದಿತ್ತಲ್ಲ, ಇದೇ ಯಾಕೆ, ಅದು ಯಾಕಲ್ಲ ಎಂಬುದು. ನಾನು ಓದಿದ ಲೇಖನಗಳಲ್ಲಿ ಅದಕ್ಕೆ ಹತ್ತಿರದ ಒಂದು ಮಾತಿತ್ತು, ಅವಳಿಗೆ ಹೇಳಲು ಮರೆತಿದ್ದೆ. ಒಂದು ವಸ್ತುವಿಗೆ ಇರಬಹುದಾದ ಹಲವು ಸ್ಥಿತಿಗಳಲ್ಲಿ ಸುತ್ತಲಿನ ಜಗತ್ತು ಎಲ್ಲವನ್ನೂ ಉಳಿಯಗೊಡುವುದಿಲ್ಲ. ಮತ್ತೆ ಮತ್ತೆ ತಾಗಿದರೂ ಕೆಡದ ಸ್ಥಿತಿ ಯಾವುದೋ ಅದು ಉಳಿಯುತ್ತದೆ. ಅದರ ಸುದ್ದಿ ಎಲ್ಲ ಕಡೆ ಪ್ರತಿಯಾಗುತ್ತದೆ. ಎಲ್ಲಿ ಯಾರು ವಿಚಾರಿಸಿದರೂ ಅದೇ ಉತ್ತರ ಸಿಗುವುದರಿಂದ, ಅದನ್ನೇ ನಾವು ವಾಸ್ತವ ಎನ್ನುತ್ತೇವೆ. ಮನುಷ್ಯರು ಬೂದಿಯ ಕಣಗಳಲ್ಲ, ಹೋಲಿಕೆಯನ್ನು ಬಹಳ ದೂರ ಎಳೆಯಬಾರದೆಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವಳು. ಆದರೂ, ‘ಇಲ್ಲ’ ಎಂಬುದು ಊಟದ ಮನೆಯಲ್ಲಿ, ಹಿತ್ತಲಿನಲ್ಲಿ, ಹೂವಿನವಳ ಎದುರು, ಸ್ಟಾಫ್ ರೂಮಿನಲ್ಲಿ ಕೆಡದೆ ನಿಲ್ಲುವ ಉತ್ತರ. ‘ಹೌದು’ ಎಂಬುದಕ್ಕೆ ಪ್ರತಿಯೊಬ್ಬರ ಎದುರೂ ಒಂದು ಕಾರಣ ಬೇಕು, ಅವಳು ಬಾಗಿಲು ಹಾಕಿಕೊಳ್ಳಲು ಬೇಕಾದ ಹಾಗೆ. ಕತ್ತಲೆ ಕೋಣೆಯಲ್ಲಿ ಮಾತ್ರ ಅದು ಕಾರಣವಿಲ್ಲದೆ ಇತ್ತು.

ನಿವೃತ್ತಿಯಾದ ಮೇಲೆ ರೈಲು ನಿಂತಿತು. ಆರಂಭದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದೆವು. ಅವರ ಮನೆಯ ಫೋನು ನಡುಮನೆಯಲ್ಲಿತ್ತು. ಆರೋಗ್ಯ, ಮಳೆ, ಕಾಲೇಜಿನ ಸುದ್ದಿ ಮುಗಿದರೆ ಅಲ್ಲಿಗೆ ಮುಗಿಯಿತು. ನಾನು ದಿನಚರಿಯನ್ನು ಬಿಗಿಮಾಡಿಕೊಂಡೆ. ಬೆಳಿಗ್ಗೆ ಗುಡ್ಡದ ಕಡೆ ನಡಿಗೆ, ಸ್ನಾನ, ತಿಂಡಿ, ಪತ್ರಿಕೆ, ಓದು, ಊಟ, ಬಟ್ಟೆ ಮಡಚುವುದು, ಸಂಜೆ ಮತ್ತೆ ನಡಿಗೆ. ಎದುರಿಗೆ ಬರುವವರು ಮೇಡಮ್ ಬಂದರು ಎಂದು ಗಡಿಯಾರ ನೋಡಿಕೊಳ್ಳುತ್ತಾರೆಂದು ಯಾರೋ ಹೇಳಿದರು. ನಾನು ಎಲ್ಲಿದ್ದೇನೆ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಮಂಚಕ್ಕೆ ಹಾಸಿಗೆ ಹಾಸಿ, ವಾರಕ್ಕೊಮ್ಮೆ ಹೊದಿಕೆ ಒಗೆದು ಬದಲಿಸುತ್ತಿದ್ದೆ. ಒಮ್ಮೆ ಅದರ ಅಂಚಿನ ಮೇಲೆ ಕೂತು ನೋಡಿದೆ. ಬಡಗಿ ಹೇಳಿದ್ದು ಸರಿ, ಕಾಲು ಎಟುಕಲಿಲ್ಲ.

ಅವಳೂ ನಿವೃತ್ತಳಾದ ಮೇಲೆ, ಒಂದು ದಸರೆಯ ಸಮಯದಲ್ಲಿ, ಹೇಳದೆ ಕೇಳದೆ ಬಂದಳು. ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತಂತೆ. ಅಲ್ಲಿ ಬೇಗ ಮುಗಿಯಿತು, ಆಟೋ ಹಿಡಿದೆ ಎಂದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಅನ್ನ, ಸಾರು ಮಾಡಿದ್ದೆ. ಇನ್ನೊಂದು ತಟ್ಟೆ ಹಾಕಿದೆ. ಊಟದ ಮೇಲೆ ಕೈ ಒರೆಸಿಕೊಳ್ಳುತ್ತ ಎರಡನೇ ಕೋಣೆಯ ಬಾಗಿಲಲ್ಲಿ ನಿಂತಳು.

“ಬೆಳಗಿನ ಬಿಸಿಲು ಬರುತ್ತಾ?”

“ಬರುತ್ತೆ. ಈಗ ಹೋಗಿದೆ.”

ಒಳಗೆ ಹೋಗಿ ಮಂಚದ ಮೇಲೆ ಕೂತಳು. ಎರಡೂ ಪಾದ ನೆಲದ ಮೇಲೆ ಸರಿಯಾಗಿ ಕೂತವು. ಎದ್ದಳು, ಮಂಡಿಗೆ ಕೈ ಊರದೆ. ಮತ್ತೆ ಕೂತಳು.

“ಅಳತೆ ಸರಿಯಾಗಿದೆ ಮಾರಾಯ್ತಿ.”

“ಮಲಗು ಸ್ವಲ್ಪ. ರೈಲಿಗೆ ಹೊತ್ತಿದ್ಯಲ್ಲ.”

“ಬಾಗಿಲು ಹಾಕ್ಕೊಳ್ಳಲಾ?”

“ಹಾಕ್ಕೋ.”

ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕುರ್ಚಿಯಲ್ಲಿ ಕೂತೆ. ಅದು ನನ್ನ ಓದಿನ ಹೊತ್ತು. ಪುಸ್ತಕ ಕೈಯಲ್ಲಿತ್ತು, ಹಾಳೆ ತಿರುಗಿಸಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಹೋಗಿ ಬಿಗಿಮಾಡಿ ಬಂದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಆ ಮಧ್ಯಾಹ್ನ, ಬಾಗಿಲ ಆಚೆ ಅವಳು ನಿದ್ದೆ ಮಾಡುತ್ತಿದ್ದಳೋ ಎಚ್ಚರವಾಗಿದ್ದಳೋ ನನಗೆ ಗೊತ್ತಿಲ್ಲ. ಇಷ್ಟು ವರ್ಷವೂ ಅವಳು ಇಲ್ಲೇ ಇದ್ದಳೇನೋ ಎಂಬಂತೆ ಸ್ವಲ್ಪ ಹೊತ್ತು ಮನೆ ಇತ್ತು.

ಬಿಸಿಲು ಇಳಿದ ಮೇಲೆ ಎದ್ದು ಬಂದಳು, ಮುಖ ತೊಳೆದಳು, ಕಾಫಿ ಕುಡಿದಳು. ಆಟೋ ತನಕ ಹೋಗಿ ಬಿಟ್ಟು ಬಂದೆ. ಸ್ಟೇಷನ್ನಿಗೆ ಬರುತ್ತೇನೆಂದರೆ ಬೇಡವೆಂದಳು. “ಅಲ್ಲಿ ನಮ್ಮೂರಿನೋರು ಇರ್ತಾರೆ. ಯಾರ ಮನೆಗೆ ಹೋಗಿದ್ರಿ ಅಂತ ಕೇಳ್ತಾರೆ.”

ನಾನು ಗೇಟು ಹಾಕುವಾಗ ಪಕ್ಕದ ಮನೆಯ ಸೊಸೆ ಕಾಂಪೌಂಡಿನ ಆಚೆಯಿಂದ ಬಟ್ಟೆ ತೆಗೆಯುತ್ತ ಮಾತಾಡಿಸಿದಳು.

“ಯಾರೋ ಬಂದಂಗಿತ್ತಲ್ಲ ಮೇಡಮ್. ಇಲ್ಲೇ ಇರ್ತಾರಾ?”

“ಇಲ್ಲ” ಎಂದೆ. “ನೆಂಟರು. ಬಂದು ಹೋದ್ರು.”

“ಹೌದಾ” ಎಂದು ಅವಳು ಬಟ್ಟೆಯ ರಾಶಿ ಹೊತ್ತು ಒಳಗೆ ಹೋದಳು. ಅತ್ತೆಗೆ ಹೇಳುವುದು ಕೇಳಿಸಿತು: ಮೇಡಮ್ಮೋರ ನೆಂಟರಂತೆ, ಹೋದ್ರಂತೆ.

ಒಳಗೆ ಬಂದೆ. ಮಂಚದ ಮೇಲೆ ಹೊದಿಕೆ ಸುಕ್ಕಾಗಿತ್ತು, ದಿಂಬು ಒಂದು ಕಡೆ ತಗ್ಗಾಗಿತ್ತು. ಅಂಥದ್ದನ್ನು ಕಂಡರೆ ಕೂಡಲೇ ಕೊಡವಿ ಎಳೆದು ಸರಿಮಾಡುವವಳು ನಾನು. ಆ ಸಂಜೆ ಮುಟ್ಟಲಿಲ್ಲ. ಬಾಗಿಲು ಎಳೆದುಕೊಂಡು, ನಡಿಗೆಯ ಹೊತ್ತಾಗಿತ್ತು, ಚಪ್ಪಲಿ ಹಾಕಿಕೊಂಡು ಹೊರಟೆ.